ಬೇಸ್ಮೆಂಟ್ ಬಾರಿನ ಎರಡನೇ ಬಾಗಿಲಿಗೆ ಬೀಗ: ಒಂದು ದೂರು

ಇವರಿಗೆ,
ಮಾಲೀಕರು ಮತ್ತು ಮ್ಯಾನೇಜರ್,
ಫೋರ್ಟ್, ಮುಂಬೈ

ವಿಷಯ: ತುರ್ತು ಬಾಗಿಲಿಗೆ ಬೀಗ ಹಾಕಿರುವುದು ಮತ್ತು ಒತ್ತಾಯದ ಸರ್ವಿಸ್ ಚಾರ್ಜ್

ಮಾನ್ಯರೆ,

ಕಳೆದ ಶನಿವಾರ ರಾತ್ರಿ ನಮ್ಮ ಆಫೀಸಿನವರೆಲ್ಲ ಸೇರಿ ನಿಮ್ಮ ಬೇಸ್ಮೆಂಟ್ ಬಾರಿಗೆ ಬಂದಿದ್ದೆವು. ಮಾಲೀಕರು ಉಡುಪಿ ಕಡೆಯವರು ಎಂದು ಕೌಂಟರಿನಲ್ಲಿ ಹೇಳಿದರು. ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಊಟದ ಬಗ್ಗೆ ದೂರಿಲ್ಲ. ಬಂಗುಡೆ ಪುಳಿಮುಂಚಿ ತುಂಬಾ ಚೆನ್ನಾಗಿತ್ತು. ಹಾಡಿನ ಸದ್ದು ಜಾಸ್ತಿಯಿತ್ತು, ಶನಿವಾರ ಅಲ್ವಾ, ಅದನ್ನೂ ಬಿಡೋಣ. ನನ್ನ ದೂರು ಟಾಯ್ಲೆಟ್ ಪಕ್ಕದ ಬಾಗಿಲಿನದು. ಮೇಲೆ ಹಸಿರು ದೀಪದಲ್ಲಿ ‘ಎಕ್ಸಿಟ್’ ಎಂದಿದೆ. ಬಾಗಿಲಿಗೆ ಬೀಗ. ಅದರ ಮುಂದೆ ಬಿಯರ್ ಕ್ರೇಟು, ಕ್ರೇಟಿನ ಮೇಲೆ ಮುರಿದ ಕುರ್ಚಿಗಳು. ಕೀಲಿ ಎಲ್ಲಿ ಎಂದು ವೇಟರನ್ನು ಕೇಳಿದೆ. ಅವನಿಗೆ ಗೊತ್ತಿಲ್ಲ. ಮ್ಯಾನೇಜರನ್ನು ಕೇಳಿದೆ. "ಆ ಬಾಗಿಲು ತೆಗೆದಿಟ್ಟರೆ ಜನ ಬಿಲ್ ಕೊಡದೆ ಹೋಗ್ತಾರೆ ಮೇಡಂ" ಎಂದರು. ಈ ಮಾತಿಗೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಆ ಹೊತ್ತಿಗೆ ಒಳಗೆ ನಿಲ್ಲಲೂ ಜಾಗ ಇರಲಿಲ್ಲ. ಹೊರಗೆ ಬರಲು ಇರುವುದು ಒಂದೇ ಮೆಟ್ಟಿಲು. ಎದುರಿಗೆ ಯಾರಾದರೂ ಬಂದರೆ ಗೋಡೆಗೆ ಒತ್ತಿ ನಿಲ್ಲಬೇಕು, ಅಷ್ಟು ಕಿರಿದು. ಕಿಟಕಿ ಒಂದೂ ಇಲ್ಲ. ಬೆಂಕಿ ಬಿದ್ದರೆ ಹೊಗೆ ಮೇಲಕ್ಕೆ ಏರುತ್ತದೆ, ಅದಕ್ಕೂ ಅದೇ ಮೆಟ್ಟಿಲೇ ದಾರಿ. ಜನ ಹತ್ತುವ ಜಾಗವನ್ನು ಮೊದಲು ಹೊಗೆಯೇ ಹಿಡಿಯುತ್ತದೆ.

2017ರ ಡಿಸೆಂಬರ್ 29ರಂದು, ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ, ಲೋವರ್ ಪರೇಲ್‌ನ ಕಮಲಾ ಮಿಲ್ಸ್ ಆವರಣದ ಪಬ್‌ಗಳಲ್ಲಿ ಬೆಂಕಿ ಬಿದ್ದು 14 ಜನ ಸತ್ತರು. ಅದು ಕಟ್ಟಡದ ಮೇಲಿದ್ದ ಜಾಗ, ನಿಮ್ಮದರಂತೆ ನೆಲದ ಕೆಳಗಿನದಲ್ಲ. ಅಲ್ಲೂ ಹೆಚ್ಚಿನವರು ಸತ್ತಿದ್ದು ಟಾಯ್ಲೆಟ್ ಕಡೆ ಓಡಿ, ಉಸಿರುಗಟ್ಟಿ. ನಿಮ್ಮಲ್ಲಿ ಟಾಯ್ಲೆಟ್ ಕಡೆ ಓಡಿದವರಿಗೆ ಸಿಗುವುದು ಆ ಬೀಗ.

ಮುಂಬೈಯ ಎಷ್ಟೋ ಪರ್ಮಿಟ್ ರೂಮು (ಬಾರು), ಲಂಚ್ ಹೋಮುಗಳನ್ನು ಕಟ್ಟಿ ಬೆಳೆಸಿದವರು ನಮ್ಮ ಕರಾವಳಿಯವರು. ನನಗೆ ಅದರ ಬಗ್ಗೆ ಹೆಮ್ಮೆ ಇದೆ. ನಿಮ್ಮ ಅಡಿಗೆಮನೆಯಲ್ಲೂ ಕುಂದಾಪುರ, ಕಾರ್ಕಳ ಕಡೆಯ ಹುಡುಗರನ್ನು ಕಂಡೆ. ಗಿರಾಕಿಗಳು ಒಂದು ಸಂಜೆ ಕುಳಿತು ಎದ್ದು ಹೋಗುತ್ತೇವೆ. ಆ ಹುಡುಗರು ದಿನಾ ರಾತ್ರಿ ಗ್ಯಾಸ್ ಒಲೆಯ ಮುಂದೆ, ಎಲ್ಲರಿಗಿಂತ ಒಳಗೆ ಇರುತ್ತಾರೆ. ಅವರ ಮನೆಯವರಿಗೆ ಏನು ಹೇಳುತ್ತೀರಿ?

ಮಹಾರಾಷ್ಟ್ರದ 2006ರ ಅಗ್ನಿ ಸುರಕ್ಷತೆ ಕಾಯ್ದೆಯಡಿ ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈನಲ್ಲಿ, ಬೆಂಕಿ ತಡೆಯುವ ವ್ಯವಸ್ಥೆ ಸರಿಯಾಗಿದೆ ಎಂಬ ‘ಫಾರ್ಮ್ ಬಿ’ ಪ್ರಮಾಣಪತ್ರವನ್ನು ಲೈಸೆನ್ಸ್ ಇರುವ ಏಜೆನ್ಸಿಯಿಂದ ಪಡೆದು ಸಲ್ಲಿಸಬೇಕು. ನಿಮ್ಮ ಈ ಸಲದ ಫಾರ್ಮ್ ಬಿ ಪ್ರತಿಯನ್ನು ನನಗೆ ಕಳಿಸಿ. ಬೀಗ ತೆಗೆಸಿ, ಕ್ರೇಟು ಎತ್ತಿಸಿ, ಒಳಗಿನಿಂದ ತಳ್ಳಿದರೆ ತೆರೆಯುವ ಬಾಗಿಲು ಹಾಕಿಸಿ. ಬಿಲ್ ಕೊಡದೆ ಹೋಗುವವರ ಚಿಂತೆಯಿದ್ದರೆ ಅಲ್ಲೊಬ್ಬ ಆಳು ನಿಲ್ಲಲಿ.

ಇನ್ನೊಂದು ಮಾತು. ಬಿಲ್ಲಿಗೆ 10% ಸರ್ವಿಸ್ ಚಾರ್ಜ್ ಸೇರಿಸಿದ್ದೀರಿ. ಬೇಡ ಎಂದರೂ ತೆಗೆಯಲಿಲ್ಲ. ಇದನ್ನು ತಾವಾಗಿ ಬಿಲ್ಲಿಗೆ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿದಿದೆ. ಆ ಹಣ ವಾಪಸ್ ಕೊಡಿ. ಇಲ್ಲದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ.

ಹಣಕ್ಕೆ ಹದಿನೈದು ದಿನ ಕಾಯುತ್ತೇನೆ. ಬಾಗಿಲಿಗೆ ಕಾಯುವುದಿಲ್ಲ. ಬರುವ ಶನಿವಾರದೊಳಗೆ ಅದು ತೆರೆದಿರುವ ಫೋಟೋ ಬರದಿದ್ದರೆ, ನಾನು ತೆಗೆದ ಫೋಟೋಗಳ ಜೊತೆ ಮುಂಬೈ ಅಗ್ನಿಶಾಮಕ ದಳಕ್ಕೆ ದೂರು ಹೋಗುತ್ತದೆ.

ಇಂತಿ,
ನಿಮ್ಮ ಗ್ರಾಹಕಿ
ಮಾಟುಂಗಾ, ಮುಂಬೈ