ನ್ಯಾಶ್ವಿಲ್ ವಿದ್ಯಾರ್ಥಿಗಳ ತಾಲೀಮು

ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಅಮೆರಿಕದ ಕಪ್ಪು ಜನರ ಹೋರಾಟದ ಬಗ್ಗೆ ಬಂದ ಲೇಖನ ಓದಿದೆ. ಬರಹ ಚೆನ್ನಾಗಿದೆ. ಆದರೆ 1960ರ ವಿದ್ಯಾರ್ಥಿಗಳಿಗೆ ಎರಡೇ ಸಾಲು ಕೊಟ್ಟು, ಬಿಸಿ ರಕ್ತದ ಹುಡುಗರು ಸಿಟ್ಟಿಗೆದ್ದು ಬೀದಿಗಿಳಿದರು, ಆಮೇಲೆ ಮಾರ್ಟಿನ್ ಲೂಥರ್ ಕಿಂಗ್ ಬಂದು ಅಹಿಂಸೆಯ ದಾರಿ ತೋರಿಸಿದರು ಅನ್ನುವ ಅರ್ಥ ಬರುವ ಹಾಗೆ ಮುಗಿಸಿದ್ದಾರಲ್ಲ, ಅದಕ್ಕೆ ನನ್ನ ತಕರಾರಿದೆ. ಟೆನ್ನೆಸ್ಸೀ ರಾಜ್ಯದ ನ್ಯಾಶ್ವಿಲ್‌ನಲ್ಲಿ ನಡೆದದ್ದು ಇದಕ್ಕೆ ಪೂರಾ ಉಲ್ಟಾ.

ಅಲ್ಲಿನ ಪೇಟೆಯ ದೊಡ್ಡ ಅಂಗಡಿಗಳಲ್ಲಿ ಕಪ್ಪು ಜನ ಬಟ್ಟೆ, ಸೋಪು ಕೊಳ್ಳಬಹುದಿತ್ತು. ಅವರ ದುಡ್ಡಿಗೆ ಮೈಲಿಗೆ ಇರಲಿಲ್ಲ. ಅದೇ ಅಂಗಡಿಯ ಊಟದ ಕೌಂಟರಿನಲ್ಲಿ ಕೂತು ಒಂದು ಕಾಫಿ ಕೇಳುವ ಹಾಗಿರಲಿಲ್ಲ. (ಬೇರೆ ಲೋಟ ಇಡುತ್ತಿದ್ದ ಹೋಟೆಲುಗಳನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.)

1959ರ ಕೊನೆಯ ತಿಂಗಳುಗಳಲ್ಲಿ ಡಯಾನ್ ನ್ಯಾಶ್, ಜಾನ್ ಲೂಯಿಸ್, ಬರ್ನಾರ್ಡ್ ಲಫಾಯೆಟ್ ಥರದ ಕಾಲೇಜು ಹುಡುಗ ಹುಡುಗಿಯರು ಒಂದು ಚರ್ಚಿನಲ್ಲಿ ಸೇರಿ ತಾಲೀಮು ಶುರು ಮಾಡಿದರು. ನಿಜವಾದ ತಾಲೀಮು. ಕೆಲವರು ಬಿಳಿಯ ಪುಂಡರ ಪಾತ್ರ ಹಾಕಬೇಕು, ಬಾಯಿಗೆ ಬಂದಂತೆ ಬೈಯಬೇಕು, ಕುರ್ಚಿಯಿಂದ ಎಳೆದು ಬೀಳಿಸಬೇಕು, ಮುಖಕ್ಕೆ ಸಿಗರೇಟಿನ ಹೊಗೆ ಬಿಡಬೇಕು. ಉಳಿದವರು ಕೈ ಎತ್ತಬಾರದು, ತಿರುಗಿ ಬೈಯಬಾರದು. ಬಿದ್ದಾಗ ತಲೆ ಹೇಗೆ ಕಾಪಾಡಿಕೊಳ್ಳಬೇಕು, ಪಕ್ಕದವನಿಗೆ ಏಟು ಬೀಳುತ್ತಿದ್ದರೆ ಏನು ಮಾಡಬೇಕು, ಎಲ್ಲವನ್ನೂ ಮತ್ತೆ ಮತ್ತೆ ಮಾಡಿ ನೋಡಿದರು. ಇಪ್ಪತ್ತರ ಆಸುಪಾಸಿನ ಬಿಸಿ ರಕ್ತಕ್ಕೆ ಇದೇನು ಸುಲಭವಾ?

ಹೇಳಿಕೊಟ್ಟವರು ಜೇಮ್ಸ್ ಲಾಸನ್. ಇವರ ಹೆಸರೇ ನಿಮ್ಮ ಲೇಖನದಲ್ಲಿಲ್ಲ! ಕೊರಿಯಾ ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಸೇರಲ್ಲ ಅಂತ ಜೈಲಿಗೆ ಹೋದವರು. ಆಮೇಲೆ ನಮ್ಮ ನಾಗಪುರಕ್ಕೆ ಬಂದು ಹಿಸ್ಲಾಪ್ ಕಾಲೇಜಿನಲ್ಲಿ ಪಾಠ ಹೇಳುತ್ತಾ, ಆಟ ಕಲಿಸುತ್ತಾ ಗಾಂಧಿಯ ಸತ್ಯಾಗ್ರಹವನ್ನು ಹತ್ತಿರದಿಂದ ಓದಿಕೊಂಡವರು. ಬಸ್ಸಿನಲ್ಲಿ ಕಪ್ಪು ಜನರನ್ನು ಬೇರೆ ಕೂರಿಸುವುದರ ವಿರುದ್ಧ ಅಮೆರಿಕದ ಮಾಂಟ್ಗೊಮೆರಿ ಊರಿನಲ್ಲಿ ನಡೆದ ಬಸ್ ಬಹಿಷ್ಕಾರದ ಸುದ್ದಿ ಅವರಿಗೆ ಸಿಕ್ಕಿದ್ದೂ ನಾಗಪುರದಲ್ಲಿ ಪೇಪರ್ ಓದುವಾಗ.

1960ರ ಫೆಬ್ರುವರಿ 13ಕ್ಕೆ ಹುಡುಗರು ಚೆನ್ನಾಗಿ ಡ್ರೆಸ್ ಮಾಡಿಕೊಂಡು ಹೋಗಿ ಕೌಂಟರುಗಳಲ್ಲಿ ಕೂತರು. ಯಾರೂ ಕಾಫಿ ಕೊಡಲಿಲ್ಲ. 27ಕ್ಕೆ ಮತ್ತೆ ಹೋದಾಗ ಪುಂಡರು ಹೊಡೆದರು, ಬೆನ್ನಿಗೆ ಸಿಗರೇಟ್ ಒತ್ತಿದರು, ಪೊಲೀಸರು ಬಂದು ಹೊಡೆದವರನ್ನು ಬಿಟ್ಟು ಏಟು ತಿಂದವರನ್ನೇ ಹಿಡಿದರು. ಒಂದು ಸಾಲಿನವರನ್ನು ಕರೆದೊಯ್ದರೆ ಇನ್ನೊಂದು ಸಾಲು ಬಂದು ಅದೇ ಕುರ್ಚಿಗಳಲ್ಲಿ ಕೂರುತ್ತಿತ್ತು. ಅವತ್ತು ಎಂಬತ್ತಕ್ಕೂ ಜಾಸ್ತಿ ಜನ ಅರೆಸ್ಟ್ ಆದರು. 50 ಡಾಲರ್ ದಂಡ ಕಟ್ಟಿ ಮನೆಗೆ ಹೋಗಿ ಅಂದರೆ, ಕಟ್ಟಲ್ಲ, ಜೈಲಿಗೇ ಹೋಗ್ತೀವಿ ಅಂದರು. ಇದೇ ಕಾರಣಕ್ಕೆ ಲಾಸನ್ ಅವರನ್ನು ಅವರು ಓದುತ್ತಿದ್ದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ಹೊರಗೆ ಹಾಕಿತು.

ಇಷ್ಟಕ್ಕೇ ಅಂಗಡಿಯವರ ಮನಸ್ಸು ಕರಗಿತು ಅಂದುಕೊಳ್ಳಬೇಡಿ. ಈಸ್ಟರ್ ಹಬ್ಬದ ಸೀಸನ್ನಿನಲ್ಲಿ ಕಪ್ಪು ಜನ ಪೇಟೆಗೆ ಕಾಲಿಡುವುದನ್ನೇ ನಿಲ್ಲಿಸಿದರು. ವ್ಯಾಪಾರಿಗಳಿಗೆ ಬಿಸಿ ತಟ್ಟಿದ್ದು ಗಲ್ಲಾಪೆಟ್ಟಿಗೆಯಲ್ಲಿ. ಅಹಿಂಸೆ ಅಂದರೆ ಬರೀ ಒಳ್ಳೆಯತನ ಅಂತ ಬರೆಯುವವರು ಈ ಭಾಗವನ್ನು ಯಾಕೋ ಬಿಟ್ಟೇ ಬಿಡುತ್ತಾರೆ.

ಏಪ್ರಿಲ್ 19ರ ಬೆಳಗಿನ ಜಾವ, ಈ ಹುಡುಗರ ಪರ ವಾದಿಸುತ್ತಿದ್ದ ಕಪ್ಪು ವಕೀಲ ಅಲೆಗ್ಸಾಂಡರ್ ಲೂಬಿ ಅವರ ಮನೆಗೆ ಬಾಂಬ್ ಬಿತ್ತು. ಅವತ್ತೇ ಸಾವಿರಾರು ಜನ ಒಂದು ಘೋಷಣೆಯನ್ನೂ ಕೂಗದೆ ಮೇಯರ್ ಕಚೇರಿಗೆ ನಡೆದು ಹೋದರು. ಬರೀ ಬಣ್ಣ ನೋಡಿ ಒಬ್ಬ ಮನುಷ್ಯನನ್ನು ಬೇರೆ ಮಾಡುವುದು ತಪ್ಪಲ್ಲವೇ ಅಂತ ಡಯಾನ್ ನ್ಯಾಶ್ ಎಲ್ಲರೆದುರು ಮೇಯರ್ ಬೆನ್ ವೆಸ್ಟ್ ಅವರನ್ನು ನೇರವಾಗಿ ಕೇಳಿದರು. ಮೇಯರ್ ತಪ್ಪು ಅಂತ ಒಪ್ಪಿಕೊಂಡರು. ಮೇ 10ಕ್ಕೆ ಪೇಟೆಯ ಆರು ಅಂಗಡಿಗಳ ಕೌಂಟರಿನಲ್ಲಿ ಕಪ್ಪು ಜನರಿಗೆ ಊಟ ಬಡಿಸಿದರು.

ಹಾಗಾದರೆ ಕಿಂಗ್? ಅವರು ನ್ಯಾಶ್ವಿಲ್‌ಗೆ ಬಂದದ್ದು ಆ ಮೆರವಣಿಗೆಯ ಮರುದಿನ. ಸ್ಫೂರ್ತಿ ಕೊಡೋಕೆ ಬಂದಿಲ್ಲ, ನಿಮ್ಮಿಂದ ಪಡೆಯೋಕೆ ಬಂದಿದ್ದೇನೆ ಅಂತ ಅವರೇ ಭಾಷಣದಲ್ಲಿ ಹೇಳಿದರು. ಅವರಿಗಿದ್ದ ಈ ಪ್ರಾಮಾಣಿಕತೆ ನಮ್ಮ ಲೇಖಕರಿಗೂ ಇರಬೇಕಿತ್ತು, ಅಲ್ವಾ?

ಲಾಸನ್ 2024ರ ಜೂನಿನಲ್ಲಿ, 95ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ನಾಗಪುರದ ದಿನಗಳ ಬಗ್ಗೆ, ಆ ತಾಲೀಮಿನ ಬಗ್ಗೆ ಪುರವಣಿಯಲ್ಲಿ ಒಂದು ಪುಟ ಕೊಡಿ. ಫೋಟೋ ಹಾಕುವುದಾದರೆ ಕೌಂಟರಿನಲ್ಲಿ ಕೂತ ಹುಡುಗರದ್ದು ಹಾಕಿ. ಕಿಂಗ್ ಅವರದ್ದು ಎಲ್ಲರೂ ನೋಡಿದ್ದಾರೆ.

— ನಿಮ್ಮ ಓದುಗ, ಶಿವಮೊಗ್ಗ