ಎಂಪಿಎಚ್ ವಿದ್ಯಾರ್ಥಿಗಳಿಗೆ ತಾಲ್ಲೂಕು ಮಟ್ಟದಲ್ಲಿ ತರಬೇತಿ ಸಿಗಲಿ

ಮಾನ್ಯ ಸಂಪಾದಕರೇ,

ರಾಜ್ಯದ ಹಲವು ವಿಶ್ವವಿದ್ಯಾಲಯಗಳಿಂದ ಪ್ರತಿವರ್ಷ ಎಂಪಿಎಚ್, ಅಂದರೆ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ ಪಡೆದವರು ಹೊರಬರುತ್ತಿದ್ದಾರೆ. ಸಾಂಕ್ರಾಮಿಕ ರೋಗಶಾಸ್ತ್ರ, ಸಂಖ್ಯಾಶಾಸ್ತ್ರ, ಆರೋಗ್ಯ ಆಡಳಿತ ಎಲ್ಲವನ್ನೂ ಎರಡು ವರ್ಷ ಓದಿದರೂ, ಒಂದು ಜ್ವರ ಪ್ರಕರಣದ ಜಾಡು ಹಿಡಿದು ಮನೆಮನೆಗೆ ಹೋಗಿ ವಿಚಾರಿಸಿದ ಅನುಭವ ಅನೇಕರಿಗೆ ಇರುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೆಲವು ಭೇಟಿ, ಒಂದಿಷ್ಟು ಛಾಯಾಚಿತ್ರ, ಕೊನೆಗೊಂದು ವರದಿ: ನಾನು ಓದಿದ ಸಂಸ್ಥೆಯಲ್ಲಿ ಕ್ಷೇತ್ರ ತರಬೇತಿ ಎಂದರೆ ಇಷ್ಟೇ ಆಗಿತ್ತು.

ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ ಕಲಿಯಲು ಎಷ್ಟಿದೆ ಎಂಬುದಕ್ಕೆ ಮಂಗನ ಕಾಯಿಲೆಯೊಂದೇ ಸಾಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ, ಉಣುಗು (ಉಣ್ಣಿ) ಕಡಿತದಿಂದ ಹರಡುವ ಈ ಜ್ವರ ಕಾಯಿಲೆ, 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಜೀವಗಳನ್ನು ಬಲಿ ಪಡೆಯಿತು. ಸತ್ತ ಮಂಗಗಳ ಮಾಹಿತಿ ಸಂಗ್ರಹಿಸುವುದು, ಉಣುಗುಗಳನ್ನು ಹಿಡಿದು ಪರೀಕ್ಷೆಗೆ ಕಳುಹಿಸುವುದು, ಜ್ವರ ಸಮೀಕ್ಷೆ ನಡೆಸುವುದು, ಕಾಡಿಗೆ ಹೋಗುವವರಿಗೆ ಉಣುಗು ಕಚ್ಚದಂತೆ ಮೈಗೆ ಹಚ್ಚಿಕೊಳ್ಳುವ ತೈಲ ಹಂಚುವುದು, ಇವೆಲ್ಲವೂ ಡಿಸೆಂಬರ್‌ನಿಂದ ಬೇಸಿಗೆಯವರೆಗಿನ ಕೆಲವೇ ತಿಂಗಳುಗಳಲ್ಲಿ ಆಶಾ ಕಾರ್ಯಕರ್ತೆಯರ ಮತ್ತು ಬೆರಳೆಣಿಕೆಯ ಆರೋಗ್ಯ ಸಿಬ್ಬಂದಿಯ ಮೇಲೆ ಒಟ್ಟಿಗೆ ಬೀಳುತ್ತವೆ. ತೈಲ ಪಡೆದವರೂ ತರಗೆಲೆ ತರಲು ಹೊರಟಾಗ ಅದನ್ನು ಏಕೆ ಹಚ್ಚಿಕೊಳ್ಳುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ಅವರ ಮನೆಯ ಜಗಲಿಯಲ್ಲಿ ಕುಳಿತು ಕೇಳಿದರೆ ಮಾತ್ರ ಸಿಗುತ್ತದೆ. ಆ ಉತ್ತರವನ್ನು ಹುಡುಕಿ, ದಾಖಲಿಸಿ, ತಾಲ್ಲೂಕು ಆರೋಗ್ಯಾಧಿಕಾರಿಗೆ ತಲುಪಿಸುವುದೇ ನಮ್ಮ ವಿದ್ಯೆಯ ನಿಜವಾದ ಉಪಯೋಗ.

ಇದು ಹೊಸ ಕಲ್ಪನೆಯೇನಲ್ಲ. ಮೈಸೂರು ಸಂಸ್ಥಾನವು 1930ರ ದಶಕದಲ್ಲಿಯೇ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಕ್ಲೋಸ್‌ಪೇಟೆಯಲ್ಲಿ, ಅಂದರೆ ಇಂದಿನ ರಾಮನಗರದಲ್ಲಿ, ಸಿಬ್ಬಂದಿಗೆ ಕ್ಷೇತ್ರದಲ್ಲಿಯೇ ತರಬೇತಿ ಕೊಡುವ ಆರೋಗ್ಯ ಘಟಕವನ್ನು ನಡೆಸಿತ್ತು. ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆಯು 2001ರಿಂದ, ಕೆಲಸ ಮಾಡುತ್ತಲೇ ಕಲಿಯುವ ಎರಡು ವರ್ಷದ ಕ್ಷೇತ್ರ ತರಬೇತಿಯನ್ನು ಕೊಡುತ್ತಾ ಬಂದಿದೆ. ಆದರೆ ಇಂತಹ ಅವಕಾಶಗಳು ಮುಖ್ಯವಾಗಿ ವೈದ್ಯರಿಗೆ ದೊರೆತಿವೆ. ಶುಶ್ರೂಷೆ, ಸಮಾಜಕಾರ್ಯ, ಜೀವವಿಜ್ಞಾನ ಓದಿ ಎಂಪಿಎಚ್‌ಗೆ ಬಂದವರು ಬಹುಪಾಲು ಹೊರಗೇ ಉಳಿದಿದ್ದಾರೆ.

ಆದ್ದರಿಂದ ಆರೋಗ್ಯ ಇಲಾಖೆ ಮತ್ತು ವಿಶ್ವವಿದ್ಯಾಲಯಗಳಲ್ಲಿ ನನ್ನ ವಿನಂತಿ ಇಷ್ಟು. ಕೊನೆಯ ಆರು ತಿಂಗಳು ವಿದ್ಯಾರ್ಥಿಯನ್ನು ತಾಲ್ಲೂಕು ಆರೋಗ್ಯಾಧಿಕಾರಿ ಕಚೇರಿಗೆ ನಿಯೋಜಿಸಿ, ಅವರಿಗೆ ನಿರ್ದಿಷ್ಟ ಹೊಣೆ, ಒಬ್ಬ ಮಾರ್ಗದರ್ಶಕ ಮತ್ತು ಊಟ, ವಸತಿ, ಬಸ್ ಖರ್ಚಿಗೆ ಸಾಲುವಷ್ಟು ಶಿಷ್ಯವೇತನ ಕೊಡಬೇಕು. ಶಿಷ್ಯವೇತನವಿಲ್ಲದಿದ್ದರೆ ಬಡ ಮನೆಯ ಮಕ್ಕಳು ದೂರದ ತಾಲ್ಲೂಕಿಗೆ ಹೋಗಲಾರರು. ಈಗಾಗಲೇ ಕೆಲಸದ ಒತ್ತಡದಲ್ಲಿರುವ ಅಧಿಕಾರಿಗಳಿಗೆ ಇದು ಹೊರೆಯಾದೀತು ಎಂಬ ಆಕ್ಷೇಪದಲ್ಲಿ ಹುರುಳಿದೆ. ಅದಕ್ಕಾಗಿಯೇ ದಿನನಿತ್ಯದ ಮೇಲ್ವಿಚಾರಣೆಯನ್ನು ವೈದ್ಯಕೀಯ ಕಾಲೇಜುಗಳ ಸಮುದಾಯ ವೈದ್ಯಕೀಯ ವಿಭಾಗಗಳು ವಹಿಸಿಕೊಳ್ಳಬೇಕು. ಸಾರ್ವಜನಿಕ ಆರೋಗ್ಯ ಮತ್ತು ನಿರ್ವಹಣಾ ವೃಂದ, ಅಂದರೆ ಈ ಕೆಲಸಕ್ಕೇ ಮೀಸಲಾದ ಹುದ್ದೆಗಳ ಶ್ರೇಣಿ, ರಚಿಸುವಂತೆ ಕೇಂದ್ರ ಸರ್ಕಾರ 2022ರಲ್ಲಿ ರಾಜ್ಯಗಳಿಗೆ ಮಾರ್ಗಸೂಚಿ ನೀಡಿದೆ. ಆ ವೃಂದದಲ್ಲಿ ವೈದ್ಯರಲ್ಲದ ಎಂಪಿಎಚ್ ಪದವೀಧರರಿಗೂ ಹುದ್ದೆಗಳಿರಬೇಕು, ನೇಮಕಾತಿಯಲ್ಲಿ ಕ್ಷೇತ್ರ ತರಬೇತಿಯ ಅವಧಿಯನ್ನು ಅನುಭವವೆಂದು ಪರಿಗಣಿಸಬೇಕು.

ಬರುವ ಡಿಸೆಂಬರ್‌ನಲ್ಲಿಯೇ ಸಾಗರ, ಹೊಸನಗರ, ತೀರ್ಥಹಳ್ಳಿ ಮತ್ತು ಸಿದ್ದಾಪುರ ತಾಲ್ಲೂಕುಗಳಲ್ಲಿ ಇದನ್ನು ಪ್ರಾಯೋಗಿಕವಾಗಿ ಆರಂಭಿಸಬಹುದು.

– ಎಂಪಿಎಚ್ ಪದವೀಧರೆ, ಶಿವಮೊಗ್ಗ