ಪಾದ ಮುಟ್ಟಿ ನೋಡಿ

ಸಂಪಾದಕರಿಗೆ ನಮಸ್ಕಾರ.

ಮಳೆ ಶುರುವಾಗಿ ಮನೆಮನೆಯಲ್ಲೂ ಕೆಮ್ಮು, ಜ್ವರ. ಕೆಲವರು ಆಸ್ಪತ್ರೆ ಸೇರುತ್ತಿದ್ದಾರೆ. ಅವರ ಮನೆಯವರಿಗಾಗಿ ಈ ಪತ್ರ.

2021ರ ಮೇ ತಿಂಗಳಲ್ಲಿ ನಮ್ಮ ಯಜಮಾನರು ಕೋವಿಡ್ ವಾರ್ಡಿನಲ್ಲಿದ್ದರು. ಆಕ್ಸಿಜನ್ ಮಟ್ಟ 94ಕ್ಕೆ ಬಂದಿತ್ತು, ಗೆದ್ದೆವು ಅಂದುಕೊಂಡಿದ್ದೆ. ಏಳನೇ ದಿನ ಸಂಜೆ ಆರಕ್ಕೆ ಫೋನ್ ಮಾಡಿ, "ಎಡಗಾಲು ಜೋಮು ಹಿಡಿದಿದೆ ಕಣೇ, ನೋವೂ ಇದೆ, ತಣ್ಣಗಾಗಿದೆ" ಅಂದರು. "ಮಲಗಿ ಮಲಗಿ ಹಾಗಾಗಿರುತ್ತೆ ರೀ, ಆಡಿಸ್ತಾ ಇರಿ" ಅಂದೆ. ವಾರ್ಡಿನಲ್ಲೂ ಅದನ್ನೇ ಹೇಳಿದರಂತೆ. ಬೆಳಗಾಗುವಷ್ಟರಲ್ಲಿ ಬಿಳಿಚಿದ್ದ ಪಾದ ನೀಲಿಗಟ್ಟಿತ್ತು. ರಕ್ತನಾಳದ ಸರ್ಜನ್ ಇರುವ ಊರಿಗೆ ಕರೆದೊಯ್ದಾಗ ಹತ್ತು ಗಂಟೆ. ಮಂಡಿಯ ಕೆಳಗೆ ಕಾಲು ತೆಗೆಯಬೇಕಾಯಿತು.

ಇಂಥ ಸೋಂಕಿನ ಉರಿಯೂತಕ್ಕೆ ರಕ್ತನಾಳದ ಒಳಪದರ ಕೆಡುತ್ತದೆ, ರಕ್ತ ಬೇಗ ಹೆಪ್ಪುಗಟ್ಟುತ್ತದೆ ಎಂದು ಸರ್ಜನ್ ಆಮೇಲೆ ವಿವರಿಸಿದರು. ಹೆಪ್ಪು ಹೃದಯದ ನಾಳದಲ್ಲಾದರೆ ಹಾರ್ಟ್ ಅಟ್ಯಾಕ್, ಮಿದುಳಿನಲ್ಲಾದರೆ ಲಕ್ವ, ಕಾಲಿನಲ್ಲಾದರೆ ಹೀಗೆ. ರಕ್ತ ಹೆಪ್ಪುಗಟ್ಟದಿರಲೆಂದು ಹೊಟ್ಟೆಗೆ ಹೆಪಾರಿನ್ ಇಂಜೆಕ್ಷನ್ ಕೊಡುತ್ತಿದ್ದರು, ಆದರೂ ಆಯಿತು. ಕಾಲಿಗೆ ರಕ್ತ ಪೂರ್ತಿ ನಿಂತರೆ ಸುಮಾರು ಆರು ಗಂಟೆಯಲ್ಲಿ ಮಾಂಸಖಂಡ ಸಾಯಲು ಶುರುವಾಗುತ್ತದಂತೆ. ಅಷ್ಟರೊಳಗೆ ಹೋದರೆ ತುದಿಯಲ್ಲಿ ಪುಟ್ಟ ಬಲೂನ್ ಇರುವ ನಳಿಕೆ ಹಾಕಿ ಹೆಪ್ಪನ್ನು ಎಳೆದು ತೆಗೆಯಬಹುದು. ಆ ಸಾಧನ 1960ರ ದಶಕದಿಂದಲೂ ಇದೆ! ನಮಗೆ ಹದಿನಾರು ಗಂಟೆ ಆಗಿಹೋಗಿತ್ತು.

ಕೋವಿಡ್ ಹೋಯಿತಲ್ಲ, ಇನ್ನೇಕೆ ಇದು ಎನ್ನಬೇಡಿ. ಮಾಮೂಲಿ ಫ್ಲೂ ಬಗ್ಗೆ ಕೆನಡಾದ ಒಂಟಾರಿಯೊದಲ್ಲಿ ನಡೆದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಫ್ಲೂ ಖಚಿತವಾದ ಮೊದಲ ಏಳು ದಿನ ಹಾರ್ಟ್ ಅಟ್ಯಾಕ್ ಸಾಧ್ಯತೆ ಸುಮಾರು ಆರು ಪಟ್ಟು ಜಾಸ್ತಿ ಎಂದು ಅದರಲ್ಲಿದೆ.

ವಾರ್ಡಿನಲ್ಲಿ ಜ್ವರ, ಬಿಪಿ, ಆಕ್ಸಿಜನ್ ಎಲ್ಲ ಬರೆದಿಡುತ್ತಾರೆ ಅಲ್ವಾ? ಅದೇ ಚಾರ್ಟಿನಲ್ಲಿ ಇನ್ನೊಂದು ಕಾಲಂ ಇರಲಿ: ಎರಡೂ ಪಾದ ಬೆಚ್ಚಗಿವೆಯಾ, ಪಾದದ ನಾಡಿ ಸಿಗುತ್ತಿದೆಯಾ. ಆರೋಗ್ಯ ಇಲಾಖೆ ಒಂದು ಸುತ್ತೋಲೆ ಹೊರಡಿಸಿದರೆ ಸಾಕು. ಸಕ್ಕರೆ ಕಾಯಿಲೆಯವರಿಗಂತೂ ಇದು ಬೇಕೇ ಬೇಕು.

ಮನೆಯವರೇ, ನೋಡಲು ಹೋದಾಗ ಹೊದಿಕೆ ಸರಿಸಿ ಎರಡೂ ಪಾದ ಮುಟ್ಟಿ. ಒಂದು ತಣ್ಣಗಿದ್ದು ಬಿಳಿಚಿದ್ದರೆ, ಇದ್ದಕ್ಕಿದ್ದಂತೆ ನೋವು ಬಂದರೆ ಸುಮ್ನೆ ಕೂರಬೇಡಿ. ತಿಕ್ಕಬೇಡಿ, ಬಿಸಿನೀರಿನ ಶಾಖ ಕೊಡಬೇಡಿ. ತಕ್ಷಣ ಡಾಕ್ಟರನ್ನು ಕರೆದು ನಾಡಿ ನೋಡಿಸಿ. ರಕ್ತನಾಳದ ಸರ್ಜನ್ ಎಲ್ಲಿದ್ದಾರೆ ಎಂದು ಆಗಲೇ ಕೇಳಿ, ಬೆಳಿಗ್ಗೆವರೆಗೆ ಕಾಯಬೇಡಿ.

– ನಿವೃತ್ತ ಶಿಕ್ಷಕಿ, ತಿಪಟೂರು